ಒಂದೇ ಬೀಡು, ಎರಡು ಲೆಕ್ಕ

ಪ್ರಶ್ನೆ: ನಾನು ಫೌಂಡ್ರಿಯೊಂದರಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಗ್ರೇ ಐರನ್ (ಬೂದು ಬೀಡುಕಬ್ಬಿಣ) ಎರಕದಿಂದ ಕೊಯ್ದ ತುಂಡಿಗೆ, ಲೋಹದಲ್ಲಿ ಏನೇನು ಎಷ್ಟಿದೆ ಎಂದು ಅಳೆಯುವ ಸ್ಪೆಕ್ಟ್ರೋಮೀಟರ್‌ನಲ್ಲಿ ಸ್ಪಾರ್ಕ್ ಕೊಟ್ಟರೆ ಕಾರ್ಬನ್ ಒಮ್ಮೆ 2.9, ಇನ್ನೊಮ್ಮೆ 3.2 ಶೇಕಡಾ ಬರುತ್ತದೆ. ಬೇರೆ ಲ್ಯಾಬಿನವರು ಅದನ್ನೇ ಸುಟ್ಟು ನೋಡಿ 3.4 ಎನ್ನುತ್ತಾರೆ. ಮ್ಯಾಂಗನೀಸ್ ಮಾತ್ರ ಎರಡೂ ಕಡೆ ಒಂದೇ. ಯಾವುದನ್ನು ನಂಬಲಿ?

ಉತ್ತರ: ಸುಟ್ಟು ನೋಡಿದ್ದನ್ನು ನಂಬಿ. ನಿಮ್ಮ ಯಂತ್ರ ಕೆಟ್ಟಿರಲಾರದು. ಅದಕ್ಕೆ ಕೊಟ್ಟ ತುಂಡೇ ತಪ್ಪು.

ಬೀಡು ನಿಧಾನವಾಗಿ ತಣಿದಾಗ ಕಾರ್ಬನ್‌ನ ಬಹುಪಾಲು ಗ್ರಾಫೈಟ್ ಪದರಗಳಾಗಿ ಬೇರೆಯೇ ಕೂರುತ್ತದೆ. ಸ್ಪಾರ್ಕ್ ತಾಗುವುದು ಕೆಲವೇ ಮಿಲಿಮೀಟರ್ ಅಗಲದ ಚುಕ್ಕೆಗೆ. ಅಲ್ಲಿ ಗ್ರಾಫೈಟ್ ಎಷ್ಟಿದೆ, ಅದು ಹೇಗೆ ಉರಿಯಿತು ಎಂಬುದರ ಮೇಲೆ ಲೆಕ್ಕ ಏರಿಳಿಯುತ್ತದೆ. ಮ್ಯಾಂಗನೀಸ್‌ಗೆ ಈ ತೊಂದರೆ ಅಷ್ಟಿಲ್ಲ, ಅಲ್ವಾ?

ಸ್ಪೆಕ್ಟ್ರೋಮೀಟರ್‌ಗೆ ಬೇಕಾದದ್ದು ಬಿಳಿ ಬೀಡು, ಅಂದರೆ ಗ್ರಾಫೈಟ್ ಬೇರೆಯಾಗದ ಬೀಡು. ಕರಗಿದ ಲೋಹವನ್ನು ಸೌಟಿನಿಂದ ತಾಮ್ರದ ಅಚ್ಚಿಗೆ ಸುರಿದು ತೆಳುವಾದ ಬಿಲ್ಲೆ ಮಾಡಿ. ಥಟ್ಟನೆ ತಣಿಯುವುದರಿಂದ ಗ್ರಾಫೈಟ್ ಹುಟ್ಟಲು ಸಮಯವೇ ಸಿಗುವುದಿಲ್ಲ. ಒಂದು ಬಿಲ್ಲೆಯನ್ನು ಮುರಿದು ನೋಡಿ. ಒಳಗೆ ಬೂದು ಚುಕ್ಕೆ ಕಂಡರೆ ಅದನ್ನು ಬಿಸಾಡಿ, ಮತ್ತೆ ಸುರಿಯಿರಿ. ಇನಾಕ್ಯುಲೆಂಟ್ (ಗ್ರಾಫೈಟ್ ಹುಟ್ಟಲು ನೆರವಾಗುವ ಪುಡಿ) ಹಾಕುವ ಮುಂಚೆ ಸ್ಯಾಂಪಲ್ ತೆಗೆದರೆ ಬಿಳಿ ಚೆನ್ನಾಗಿ ಬರುತ್ತದೆ. ಆದರೆ ಆ ಪುಡಿಯಲ್ಲಿರುವ ಸಿಲಿಕಾನ್ ಆಮೇಲೆ ಲೋಹಕ್ಕೆ ಸೇರುತ್ತದೆ, ಅದನ್ನು ಮರೆಯಬೇಡಿ.

ಎರಕ ಆಗಲೇ ತಣಿದಿದ್ದರೆ ಸುಡುವುದೇ ದಾರಿ. ಆಮ್ಲಜನಕದಲ್ಲಿ ಉರಿಸಿದರೆ ಕಾರ್ಬನ್ ಬೆರೆತಿರಲಿ, ಗ್ರಾಫೈಟ್ ಆಗಿರಲಿ, ಎಲ್ಲವೂ ಅನಿಲವಾಗಿ ಹೊರಬರುತ್ತದೆ. ಅದನ್ನು ಯಂತ್ರ ಅಳೆಯುತ್ತದೆ.

ಇಲ್ಲೂ ನಾನೊಮ್ಮೆ ಎಡವಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಡ್ರಿಲ್ ಮಾಡಿದ ಚೂರಿನಲ್ಲಿ ಕಪ್ಪು ಧೂಳಿತ್ತು. ಕೊಳೆ ಅಂದುಕೊಂಡು ಊದಿಬಿಟ್ಟೆ. ಕಾರ್ಬನ್ 0.3 ಕಡಿಮೆ ಬಂತು. ನನ್ನ ಒಂದು ಅಂಕಿಯಿಂದ ಇಡೀ ಹೀಟ್ (ಒಮ್ಮೆಗೆ ಕರಗಿಸಿದ ಲೋಹ) ಅರ್ಧ ದಿನ ನಿಂತಿತು. ಹಿರಿಯರೊಬ್ಬರು ಬಂದು ಮೇಜಿನ ಮೇಲಿದ್ದ ಧೂಳನ್ನು ಬೆರಳಿಗೆ ಒತ್ತಿಕೊಂಡು ತೋರಿಸಿದರು: "ನೀವು ಹುಡುಕ್ತಿರೋ ಕಾರ್ಬನ್ ಇಲ್ಲಿದೆ." ಅವರು ಬೈಯಲಿಲ್ಲ. ಆ ಕಪ್ಪು ಬೆರಳು ಮಾತ್ರ ಇವತ್ತಿಗೂ ನನ್ನ ಕಣ್ಣಮುಂದಿದೆ.

ಹಾಗಾಗಿ ಆ ಲ್ಯಾಬಿನವರನ್ನು ಒಂದು ಮಾತು ಕೇಳಿ: ಸುಟ್ಟದ್ದು ಡ್ರಿಲ್ ಚೂರನ್ನೋ, ಇಡೀ ತುಂಡನ್ನೋ? ಗ್ರೇ ಐರನ್‌ಗೆ ಸಣ್ಣದೊಂದು ಇಡೀ ತುಂಡೇ ವಾಸಿ. ಚೂರೇ ಆಗಬೇಕಿದ್ದರೆ ಎಣ್ಣೆ ಹಾಕದೆ ನಿಧಾನವಾಗಿ ಡ್ರಿಲ್ ಮಾಡಿ, ಎಣ್ಣೆಯಲ್ಲೂ ಕಾರ್ಬನ್ ಇದೆ. ಧೂಳಿನ ಸಮೇತ ಎಲ್ಲವನ್ನೂ ಕೂಡಿಸಿ ತೂಗಿ.