ಅಪ್ಪನಿಗೆ ವಿಂಡೋಸ್ 7ರ ಹಳೇ ಸ್ಟಾರ್ಟ್ ಮೆನುವೇ ಬೇಕಂತೆ. ವಿಂಡೋಸ್ 11ನಲ್ಲಿ ಆಗುತ್ತಾ?

ಆಗುತ್ತೆ. ಹೊಸ ಪಿಸಿ ಬಂದ ಮೇಲೆ ನಿಮ್ಮ ತಂದೆಯವರು ಅದರ ಮುಂದೆ ಕೂರುವುದನ್ನೇ ಬಿಟ್ಟಿದ್ದಾರೆ ಅಂದಿರಲ್ಲ, ನಮ್ಮ ಕಾಕಾನ ಕಥೆಯೂ ಅದೇ ಆಗಿತ್ತು.

ಕಲಬುರಗಿಯ ನೆಹರು ಗಂಜ್‌ನಲ್ಲಿ ಅವರದು ಅಡತ್ (ಧಾನ್ಯದ ದಲ್ಲಾಳಿ) ಅಂಗಡಿ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಸಪೋರ್ಟ್ ನಿಂತಿತ್ತು. ಆದರೂ ಮದರ್‌ಬೋರ್ಡ್ ಸುಡುವವರೆಗೂ ಅದರಲ್ಲೇ ತೊಗರಿ ಲೆಕ್ಕ ಬರೆದರು. ಹೊಸ ಪಿಸಿ ಇಟ್ಟ ದಿನ ಅಭ್ಯಾಸದಂತೆ ಮೌಸ್ ಎಡಗಡೆ ಮೂಲೆಗೆ ಹೋಯಿತು. ಅಲ್ಲಿ ಸ್ಟಾರ್ಟ್ ಬಟನ್ ಇಲ್ಲ, ಬಿಸಿಲಿನ ಚಿತ್ರ, 41 ಡಿಗ್ರಿ! "ಬಿಸಲ ಎಷ್ಟದ ಅಂತ ಈ ಡಬ್ಬಿ ನನಗ ಹೇಳಬೇಕೇನೋ ತಮ್ಮಾ?" ಅಂದರು.

ಅವತ್ತು ಪಕ್ಕದಲ್ಲಿ ಕೂತು, ಅವರ ಕೈ ಎಲ್ಲೆಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ನೋಡಿದೆ. ನಾಲ್ಕೇ ಜಾಗ. ಅಷ್ಟನ್ನೇ ಸರಿ ಮಾಡಿದೆ. ನೀವೂ ಮೊದಲು ಹಾಗೆ ಸುಮ್ನೆ ಕೂತು ನೋಡಿ.

ಟಾಸ್ಕ್‌ಬಾರ್ ಮೇಲೆ ರೈಟ್ ಕ್ಲಿಕ್ ಮಾಡಿ ಟಾಸ್ಕ್‌ಬಾರ್ ಸೆಟ್ಟಿಂಗ್ಸ್ ತೆಗೆಯಿರಿ. ವಿಜೆಟ್ಸ್ ಆಫ್ ಮಾಡಿದರೆ ಬಿಸಿಲು ಹೋಗುತ್ತೆ. ಕೆಳಗೆ ಟಾಸ್ಕ್‌ಬಾರ್ ಬಿಹೇವಿಯರ್ಸ್‌ನಲ್ಲಿ ಅಲೈನ್‌ಮೆಂಟ್ ಲೆಫ್ಟ್ ಮಾಡಿ. ಅಲ್ಲೇ ಬಟನ್‌ಗಳನ್ನು ಕಂಬೈನ್ ಮಾಡುವ ಆಯ್ಕೆಗೆ ನೆವರ್ ಕೊಟ್ಟರೆ ತೆರೆದಿರುವ ಫೈಲ್‌ಗಳ ಹೆಸರು ಮೊದಲಿನ ಹಾಗೆ ಕಾಣುತ್ತೆ. ವಿಂಡೋಸ್ 11 ಬಂದಾಗ ಈ ಸೌಲಭ್ಯವೇ ಇರಲಿಲ್ಲ, ಜನ ಬೈದೂ ಬೈದೂ 2023ರಲ್ಲಿ ವಾಪಸ್ ಬಂತು. ಡೆಸ್ಕ್‌ಟಾಪ್ ಮೇಲೆ ಮೈ ಕಂಪ್ಯೂಟರ್ ಬೇಕಾದರೆ ಸೆಟ್ಟಿಂಗ್ಸ್‌ನ ಪರ್ಸನಲೈಸೇಶನ್‌ನಲ್ಲಿ ಥೀಮ್ಸ್ ಒಳಗೆ ಡೆಸ್ಕ್‌ಟಾಪ್ ಐಕಾನ್ ಸೆಟ್ಟಿಂಗ್ಸ್ ಇದೆ. ಬರುವುದು 'ದಿಸ್ ಪಿಸಿ' ಅಂತ. ಎಫ್2 ಒತ್ತಿ ಹಳೇ ಹೆಸರು ಇಟ್ಟುಬಿಡಿ.

ಇನ್ನು ಸ್ಟಾರ್ಟ್ ಮೆನು. ಇದಕ್ಕೆ ಓಪನ್ ಶೆಲ್ ಅನ್ನೋ ಪ್ರೋಗ್ರಾಂ ಹಾಕಿ, ದುಡ್ಡು ಕೊಡಬೇಕಿಲ್ಲ. ಮೊದಲು ಇದು ಕ್ಲಾಸಿಕ್ ಶೆಲ್ ಆಗಿತ್ತು. 2017ರಲ್ಲಿ ಮಾಡಿದವರು ಕೈಬಿಟ್ಟು ಸೋರ್ಸ್ ಕೋಡ್ ಬಿಟ್ಟುಕೊಟ್ಟರು, ಬೇರೆಯವರು ಮುಂದುವರಿಸಿದರು. ಗಿಟ್‌ಹಬ್ ಅನ್ನೋ ಸೈಟ್‌ನಲ್ಲಿರುವ ಅವರ ಪುಟದಿಂದಲೇ ಇಳಿಸಿಕೊಳ್ಳಿ, ಸಿಕ್ಕಸಿಕ್ಕ ಡೌನ್‌ಲೋಡ್ ಸೈಟ್ ಬೇಡ. ಇನ್‌ಸ್ಟಾಲ್ ಮಾಡುವಾಗ ಸ್ಟಾರ್ಟ್ ಮೆನು ಒಂದನ್ನೇ ಉಳಿಸಿ, ಬಾಕಿಯದು ಬೇಡ ಅನ್ನಿ. ಮೂರು ಶೈಲಿ ತೋರಿಸುತ್ತೆ, ಅದರಲ್ಲಿ ಮೂರನೆಯದು ವಿಂಡೋಸ್ 7. ಹೊಸ ಮೆನುವೂ ಎಲ್ಲೂ ಹೋಗಿರುವುದಿಲ್ಲ, ಶಿಫ್ಟ್ ಹಿಡಿದು ಸ್ಟಾರ್ಟ್ ಒತ್ತಿದರೆ ಬರುತ್ತೆ. ಹಾಗೆಯೇ ಶಿಫ್ಟ್ ಹಿಡಿದು ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಉದ್ದದ ಹಳೇ ಪಟ್ಟಿ ಬರುತ್ತೆ. ಕಾಕಾ ಇದನ್ನು ಒಂದೇ ಸಲಕ್ಕೆ ಕಲಿತರು.

ಇಲ್ಲಿಗೆ ನಿಲ್ಲಿಸಬೇಕಿತ್ತು. ನಾನು ಆಸೆಬುರುಕ. ಟಾಸ್ಕ್‌ಬಾರನ್ನೇ ಪೂರ್ತಿ ಹಳೆಯದು ಮಾಡುವ ಇನ್ನೊಂದು ಪ್ರೋಗ್ರಾಂ ತುಂಬಿದೆ. ಚೆನ್ನಾಗೇ ಇತ್ತು. ಡಿಸೆಂಬರ್‌ನಲ್ಲಿ, ಅಂಗಡಿ ಮುಂದೆ ತೊಗರಿ ಚೀಲ ಇಳಿಯುತ್ತಿರುವ ಹೊತ್ತಿಗೇ, ವಿಂಡೋಸ್ ಅಪ್‌ಡೇಟ್ ಆಯಿತು. ಟಾಸ್ಕ್‌ಬಾರ್ ಮಿಣಮಿಣ ಅಂದು ಮಾಯ. ಸೇಫ್ ಮೋಡ್‌ಗೆ ಹೋಗಿ ಅದನ್ನು ಕಿತ್ತುಹಾಕುವಷ್ಟರಲ್ಲಿ ಮಧ್ಯಾಹ್ನ. ಕಾಕಾ ರಟ್ಟಿನ ಮೇಲೆ ಪೆನ್ನಲ್ಲಿ ತೂಕ ಬರೆದುಕೊಳ್ಳುತ್ತ ಕೂತಿದ್ದರು, ನನ್ನ ಮುಖ ಸಹ ನೋಡಲಿಲ್ಲ. ವ್ಯವಹಾರದ ಪಿಸಿಯಲ್ಲಿ ಅಂಥದ್ದು ಬೇಡವೇ ಬೇಡ.

ಯಾರಾದರೂ ವಿಂಡೋಸ್ 7ನ್ನೇ ಮತ್ತೆ ಹಾಕಿಸಿ ಅಂದರೆ ಕೇಳಬೇಡಿ. ಭದ್ರತೆಯ ಅಪ್‌ಡೇಟ್ ಇಲ್ಲದ ಯಂತ್ರದಲ್ಲಿ ಬ್ಯಾಂಕ್ ಕೆಲಸ ಯಾಕೆ, ಅಲ್ವಾ?

ಈ ಹಳೇ ಮೆನುವಿನಲ್ಲಿ ಕೆಳಗೆ 'ಶಟ್ ಡೌನ್' ಅಂತ ಅಕ್ಷರದಲ್ಲೇ ಇರುತ್ತೆ. ಹೊಸದರಲ್ಲಿ ಅದು ಕಾಣದೆ ಕಾಕಾ ಮೊದಲ ವಾರವೆಲ್ಲ ರಾತ್ರಿ ಗೋಡೆಯ ಸ್ವಿಚ್ಚನ್ನೇ ಆರಿಸಿ ಮನೆಗೆ ಬರುತ್ತಿದ್ದರಂತೆ. ನನಗೆ ಗೊತ್ತಾಗಿದ್ದು ತಿಂಗಳಾದ ಮೇಲೆ.