ಸೈರನ್ ಕೂಗಿದ ದಿನ ಬಾಯೊಳಗಿದ್ದ ಸೆರಗು

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಹೆಸರನ್ನೂ ಗುರುತು ಹತ್ತುವಂಥ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಅವರನ್ನು ಶಾರದಾ ಎಂದು ಕರೆಯೋಣ. ವಯಸ್ಸು 58, ಬೆಂಗಳೂರಿನ ಬ್ಯಾಂಕ್ ಶಾಖೆಯೊಂದರಲ್ಲಿ ಕೆಲಸ, ಬಸವನಗುಡಿಯ ಕಡೆ ಮನೆ.

2025ರ ಮೇ 7ರಂದು ದೇಶದಾದ್ಯಂತ ನಾಗರಿಕ ರಕ್ಷಣೆಯ ಅಣಕು ಕವಾಯತು ನಡೆದಾಗ ಬೆಂಗಳೂರಿನಲ್ಲೂ ಸಂಜೆ ನಾಲ್ಕರ ಸುಮಾರಿಗೆ ಸೈರನ್‌ಗಳು ಮೊಳಗಿದವು. ಸುದ್ದಿ ಬೆಳಗಿನ ಪತ್ರಿಕೆಯಲ್ಲೇ ಇತ್ತು, ಶಾರದಾ ಅದನ್ನು ಓದಿಯೂ ಇದ್ದರು. ಆದರೂ ಸದ್ದು ಕಿವಿಗೆ ಬಿದ್ದದ್ದೇ ತಡ, ಕುರ್ಚಿಯಿಂದ ಜಾರಿ ಮೇಜಿನ ಕೆಳಗೆ ಸೇರಿಕೊಂಡರು. ಸಹೋದ್ಯೋಗಿಗಳು ಬಗ್ಗಿ ನೋಡಿದರೆ, ಮೊಣಕಾಲುಗಳನ್ನು ಎದೆಗೆ ಒತ್ತಿಕೊಂಡು, ತಮ್ಮದೇ ಸೀರೆಯ ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಿದ್ದರು. ಹಾಗೇಕೆ ಮಾಡಿದೆನೆಂದು ಅವರಿಗೇ ತಿಳಿಯಲಿಲ್ಲ.

ಹೃದಯ, ರಕ್ತದೊತ್ತಡ, ಥೈರಾಯ್ಡ್ ಎಲ್ಲದರ ತಪಾಸಣೆಯಾಯಿತು, ದೋಷವೇನೂ ಕಾಣಲಿಲ್ಲ. ಅಷ್ಟರಲ್ಲಿ ಒಂದು ಕನಸು ಶುರುವಾಗಿತ್ತು: ಗುಡ್ಡದಷ್ಟು ದೊಡ್ಡದಾದ ಬಿಳಿಯ ಹೆಣ, ಅದರ ಮೇಲೆ ಬಟ್ಟೆ ಹೊದಿಸುತ್ತಿರುವ ಜನ. ಪರಿಚಯದವರ ಮಾತು ಕೇಳಿ, ಹೂತುಹೋದ ನೆನಪುಗಳನ್ನು ಹೊರತೆಗೆಯುವುದಾಗಿ ಹೇಳಿಕೊಳ್ಳುವ ಒಬ್ಬರ ಬಳಿ ಅವರು ಮೂರು ಬಾರಿ ಸಂಮೋಹನಕ್ಕೆ ಒಳಗಾದರು. ಮೂರನೆಯ ಸಲಕ್ಕೆ ಕಥೆ ಪೂರ್ತಿಯಾಗಿತ್ತು: ತನಗೊಬ್ಬ ಪುಟ್ಟ ತಮ್ಮನಿದ್ದ, 1971ರ ಯುದ್ಧದ ರಾತ್ರಿ ತಾನು ಗೀರಿದ ಬೆಂಕಿಕಡ್ಡಿಯ ಬೆಳಕಿಗೇ ಬಾಂಬು ಬಿದ್ದು ಅವನು ಸತ್ತ, ಮನೆಯವರೆಲ್ಲ ಸೇರಿ ಅದನ್ನು ಮುಚ್ಚಿಟ್ಟರು. ಆ ವರ್ಷ ಮೈಸೂರಿನ ಅಣ್ಣ ಕಳಿಸಿದ ಗೌರಿ ಬಾಗಿನವನ್ನು ಬಿಚ್ಚದೆಯೇ ಹಿಂದಿರುಗಿಸಿದರು. ಆಪ್ತಸಲಹೆಗೆಂದು ನನ್ನಲ್ಲಿಗೆ ಬಂದದ್ದು ಅದಾದ ಮೇಲೆ. "ತಮ್ಮನನ್ನು ಕೊಂದವಳು ನಾನೇ ಮೇಡಂ, ಅಣ್ಣನಿಗೆ ಎಲ್ಲಾ ಗೊತ್ತು" ಎಂಬುದು ಅವರ ಮೊದಲ ಮಾತು.

ಅದು ಸುಳ್ಳೆಂದೂ ನಾನು ಹೇಳಲಿಲ್ಲ, ನಿಜವೆಂದೂ ಒಪ್ಪಲಿಲ್ಲ. ಸಂಮೋಹನದಿಂದ ನೆನಪು ಹೆಚ್ಚು ನಿಖರವಾಗುವುದಿಲ್ಲ, ನೆನಪಿನ ಮೇಲಿನ ಭರವಸೆ ಮಾತ್ರ ಹೆಚ್ಚುತ್ತದೆ. 1995ರಲ್ಲಿ ಪ್ರಕಟವಾದ, ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಅವರ ಅಧ್ಯಯನದಲ್ಲಿ, ಚಿಕ್ಕಂದಿನಲ್ಲಿ ಮಾಲ್‌ನಲ್ಲಿ ಕಳೆದುಹೋಗಿದ್ದಿರಿ ಎಂಬ ಕಟ್ಟುಕಥೆಯನ್ನು ಮನೆಯವರು ಹೇಳಿದ್ದೆಂದು ನಂಬಿಸಿ ಮುಂದಿಟ್ಟಾಗ, 24 ಜನರಲ್ಲಿ ಸುಮಾರು ಕಾಲುಭಾಗದಷ್ಟು ಮಂದಿ ಅದನ್ನು ಪೂರ್ತಿಯಾಗಿಯೋ ಸ್ವಲ್ಪಮಟ್ಟಿಗೋ ತಮ್ಮದೇ ನೆನಪೆಂದು ಹೇಳತೊಡಗಿದ್ದರು. ಕೆದಕುವವರ ಕೈಯ ಮಣ್ಣೂ ನೆನಪಿಗೆ ಅಂಟಿಕೊಳ್ಳುತ್ತದೆ.

ಹಾಗಾಗಿ ಒಂದು ನೋಟುಪುಸ್ತಕ ತರಿಸಿ, ಸಂಮೋಹನಕ್ಕೆ ಮುಂಚೆ ತಾನಾಗಿ ಬಂದದ್ದನ್ನು ಎಡಪುಟದಲ್ಲೂ ಆಮೇಲೆ ಸೇರಿದ್ದನ್ನು ಬಲಪುಟದಲ್ಲೂ ಬರೆಯಲು ಹೇಳಿದೆ. ಬಲಪುಟಗಳು ಬೇಗ ತುಂಬಿದವು. ತಮ್ಮನ ಅಂಗಿಯ ಗುಂಡಿಗಳ ಲೆಕ್ಕವೂ ಅಲ್ಲಿತ್ತು. ನಾಲ್ಕೂವರೆ ವರ್ಷದ ಮಗುವಿನ ನೆನಪು ಇಷ್ಟು ಅಚ್ಚುಕಟ್ಟಾಗಿದ್ದರೆ ನನಗೆ ಅನುಮಾನವೇ ಹೆಚ್ಚು. ಎಡಪುಟದಲ್ಲಿದ್ದದ್ದು ನಾಲ್ಕೇ ಸಾಲು: ಸೈರನ್, ಒದ್ದೆ ಮಣ್ಣಿನ ವಾಸನೆ, ಬಾಯಿ ತುಂಬ ಬಟ್ಟೆ, ಬಿಳಿಯ ದೊಡ್ಡ ಹೆಣ.

ಉಳಿದದ್ದನ್ನು ಹೊರಗಿನ ಸಾಕ್ಷ್ಯದಿಂದಲೇ ತಿಳಿಯಬೇಕಿತ್ತು. ತಂದೆ ವಾಯುಪಡೆಯಲ್ಲಿದ್ದರು, ತೀರಿಕೊಂಡು ಬಹಳ ವರ್ಷವಾಗಿದೆ, ತಾಯಿಯೂ ಇಲ್ಲ. ಆಗ ಎಂಟು ವರ್ಷದವರಾಗಿದ್ದ ಅಣ್ಣ, ತಂಗಿಯ ಒಪ್ಪಿಗೆಯ ಮೇಲೆ, ತಂದೆಯ ಸೇವಾ ಪುಸ್ತಕವನ್ನೂ ಹಳೆಯ ಪಡಿತರ ಚೀಟಿಯನ್ನೂ ಹಿಡಿದುಕೊಂಡು ಬೆಂಗಳೂರಿಗೆ ಬಂದರು. ಪಡಿತರ ಚೀಟಿಯಲ್ಲಿದ್ದದ್ದು ನಾಲ್ಕೇ ಹೆಸರು: ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಕುಟುಂಬ ಆಗ ಇದ್ದದ್ದು ಆಗ್ರಾದಲ್ಲಿ. 1971ರ ಡಿಸೆಂಬರ್ 3ರಂದು ಪಾಕಿಸ್ತಾನದ ವಿಮಾನಗಳು ದಾಳಿ ಮಾಡಿದ ವಾಯುನೆಲೆಗಳಲ್ಲಿ ಆಗ್ರಾವೂ ಒಂದು. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿ, ಮನೆಯ ಮುಂದೆ ಟ್ರೆಂಚ್ ತೋಡಿದ್ದರಂತೆ. ಸೈರನ್ ಕೂಗಿದಾಗ ಮಕ್ಕಳನ್ನು ಆ ಗುಂಡಿಗೆ ಇಳಿಸಿ, ಕಿರುಚುತ್ತಿದ್ದ ಶಾರದಾ ಬಾಯಿಗೆ ಅಮ್ಮ ತನ್ನ ಸೆರಗು ತುರುಕುತ್ತಿದ್ದಳು. ವಿಮಾನದಲ್ಲಿ ಕುಳಿತವನಿಗೆ ಮಗುವಿನ ಅಳು ಕೇಳಿಸುವುದಿಲ್ಲ ನಿಜ. ಆದರೆ ಕತ್ತಲ ಗುಂಡಿಯಲ್ಲಿ ಎರಡು ಮಕ್ಕಳನ್ನು ಅವುಚಿಕೊಂಡು ಕುಳಿತವಳಿಗೆ ಅದನ್ನು ಹೇಳುವವರು ಯಾರಿದ್ದರು?

ಹೆಣದ ಮಾತು ಬಂದಾಗ ಅಣ್ಣ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ನಕ್ಕೇಬಿಟ್ಟರು. "ಅದು ತಾಜಮಹಲು ಕಣೇ. ಬೆಳದಿಂಗಳಲ್ಲಿ ಬಿಳೀ ಕಲ್ಲು ವಿಮಾನಕ್ಕೆ ಕಾಣಬಾರದು ಅಂತ ಬಟ್ಟೆ ಹೊದಿಸಿದ್ರು. ಏನಪ್ಪಾ ಅದು ಅಂತ ನೀನು ಕೇಳಿದ್ದಕ್ಕೆ ಅಪ್ಪ, ಸತ್ತ ರಾಣಿಯ ಗೋರಿ ಅಂದ್ರು." ಆ ಯುದ್ಧದಲ್ಲಿ ತಾಜಮಹಲನ್ನು ನಿಜವಾಗಿಯೂ ಮುಸುಕಿನಿಂದ ಮರೆಮಾಡಿದ್ದರು. ಸತ್ತ ರಾಣಿ, ಬಿಳಿಯ ದೊಡ್ಡ ಆಕಾರ, ಹೊದಿಕೆ ಮತ್ತು ಬಾಯೊಳಗಿನ ಬಟ್ಟೆ, ಇವಿಷ್ಟೂ ಆ ಮಗುವಿನ ತಲೆಯಲ್ಲಿ ಒಂದೇ ಹೆಣವಾಗಿದ್ದಿರಬೇಕು. ಹೀಗೇ ಆಗಿತ್ತೆಂದು ಪ್ರಮಾಣ ಮಾಡಲಾರೆ. ಅಣ್ಣನ ನೆನಪೂ ನೆನಪೇ ತಾನೆ. ಮರುವರ್ಷ ಕುಟುಂಬ ಮೈಸೂರಿಗೆ ಮರಳಿದ ಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಿದ್ದಿಲ್ಲ. ಇದನ್ನು ಹೂತಿಟ್ಟ ನೆನಪು ಎನ್ನುವುದಕ್ಕಿಂತ, ಮಾತು ಸಿಗದೆ ಉಳಿದ ನೆನಪು ಎನ್ನುವುದೇ ಸರಿಯೆಂದು ನನಗನ್ನಿಸುತ್ತದೆ.

ಇನ್ನು ನಾನು ಕೊಟ್ಟ ಸಲಹೆ. ಮತ್ತೆ ಸಂಮೋಹನಕ್ಕೆ ಹೋಗುವುದು ಬೇಡ, ಬಲಪುಟದ ಮಾತನ್ನು ನಂಬಿ ಯಾರೊಂದಿಗೂ ಸಂಬಂಧ ಕಡಿದುಕೊಳ್ಳುವುದಂತೂ ಬೇಡವೇ ಬೇಡ ಎಂದೆ. ಸದ್ದಿಗೆ ಮೈ ಬೆಚ್ಚಿದಾಗ ಅಂಗಾಲುಗಳನ್ನು ನೆಲಕ್ಕೆ ಒತ್ತಿ, ಆ ದಿನದ ತಾರೀಖನ್ನೂ ತಾವಿರುವ ಬೀದಿಯ ಹೆಸರನ್ನೂ ಗಟ್ಟಿಯಾಗಿ ಹೇಳಿಕೊಳ್ಳುವುದನ್ನು ಅಭ್ಯಾಸ ಮಾಡಿಸಿದೆ. ಬಾಯಿ ತೆರೆದು ಸದ್ದು ಮಾಡುವುದೇ ಇವರಿಗೆ ಮದ್ದಾಗಿತ್ತು. ನಿದ್ರೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದು ಹೇಳಿ, ಅಪರಾತ್ರಿಯಲ್ಲಿ ಭಯ ಹಿಡಿದರೆ ಕನ್ನಡದಲ್ಲೇ ಮಾತಾಡಬಹುದಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನೂ ಬರೆದುಕೊಟ್ಟೆ. ಅಮ್ಮನ ಮೇಲೆ ಈಗ ಹುಟ್ಟಿದ ಸಿಟ್ಟನ್ನು ಕೂಡಲೇ ಕ್ಷಮೆಯಾಗಿ ಬದಲಿಸಬೇಕಾದ ಅವಸರವಿಲ್ಲವೆಂದೂ ಹೇಳಿದೆ. ಸಿಟ್ಟೂ ಅವರದೇ, ಅದು ಇರಲಿ.

ಆರನೆಯ ಭೇಟಿಗೆ ಬಂದಾಗ ಕನಸು ನಿಂತು ಮೂರು ವಾರವಾಗಿತ್ತು. ನೋಟುಪುಸ್ತಕ ತೆರೆದು, ಅಮ್ಮನ ಸೆರಗು ಹಸಿರಾಗಿತ್ತೆಂದು ಈಗ ಅನ್ನಿಸುತ್ತಿದೆ, ಅಣ್ಣನಿಗೆ ಮಾತ್ರ ಬಣ್ಣ ನೆನಪಿಲ್ಲವಂತೆ, ಇದನ್ನು ಯಾವ ಪುಟದಲ್ಲಿ ಬರೆಯಲಿ ಎಂದು ಕೇಳಿದರು. ಬರೆಯದಿದ್ದರೂ ನಡೆಯುತ್ತದೆ ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿ, ಸಂಜೆ ಮೈಸೂರಿನ ಬಸ್ಸು ಹಿಡಿಯಬೇಕೆಂದು ಎದ್ದರು.