ಬ್ಯಾಕಪ್ ತಂತ್ರಾಂಶ ಬ್ಯಾಕುಲಾ ಹಳೆಯ ಟೇಪ್ ಬಿಟ್ಟು ಹೊಸ ಟೇಪನ್ನೇ ಯಾಕೆ ಕೇಳುತ್ತಿದೆ?

ನೀವು ಬರೆದಿರುವ ಪ್ರಕಾರ ಒಂದು ಎಲ್‌ಟಿಒ-8 ಟೇಪ್ ಡ್ರೈವ್ ಇದೆ, 20 ಟೇಪ್ ಇವೆ. ದಿನದ ಬ್ಯಾಕಪ್ ಒಂದು ತಿಂಗಳು ಉಳಿದರೆ ಸಾಕು, ವರ್ಷದ ಲೆಕ್ಕಪತ್ರ ಮಾತ್ರ ತುಂಬಾ ಕಾಲ ಬೇಕು. ಎಲ್ಲವೂ ಒಂದೇ ಪೂಲ್‌ಗೆ (ಒಂದೇ ಸೆಟ್ಟಿಂಗ್ ಇರುವ ಟೇಪ್‌ಗಳ ಗುಂಪಿಗೆ) ಹೋಗುತ್ತಿದೆ. ಐದೇ ತಿಂಗಳಿಗೆ ಟೇಪ್ ಮುಗಿದಿವೆ.

ಆ ಒಂದೇ ಪೂಲ್‌ನಿಂದಲೇ ತೊಂದರೆ. ಟೇಪ್ ಅಂದರೆ 960 ಮೀಟರ್ ಉದ್ದದ ಪಟ್ಟಿ. ಹಾರ್ಡ್ ಡಿಸ್ಕಿನ ಹಾಗೆ ಮಧ್ಯದ ಒಂದು ಬ್ಯಾಕಪ್ ಅಳಿಸಿ ಆ ಜಾಗಕ್ಕೆ ಇನ್ನೊಂದನ್ನು ಬರೆಯೋಕೆ ಆಗುವುದಿಲ್ಲ. ವಠಾರದ ಕೊನೆಯ ಬಾಡಿಗೆದಾರ ಬಿಡುವವರೆಗೂ ಕಟ್ಟಡ ಕೆಡವೋಕೆ ಆಗಲ್ಲ, ಅಲ್ವಾ? ಹಾಗೇ ಇದು. ಲೆಕ್ಕಪತ್ರದ ಒಂದು ಸಣ್ಣ ಬ್ಯಾಕಪ್‌ಗೋಸ್ಕರ ಇಡೀ ಟೇಪ್ ಕೂತುಬಿಡುತ್ತದೆ. ಜೊತೆಗೆ, ನೀವು ಏನೂ ಹೇಳದಿದ್ದರೆ ಬ್ಯಾಕುಲಾ ವಾಲ್ಯೂಮ್ ರಿಟೆನ್ಷನ್ ಅನ್ನು, ಅಂದರೆ ಟೇಪನ್ನು ಮರುಬಳಸದೆ ಕಾಯ್ದಿಡುವ ಅವಧಿಯನ್ನು, 365 ದಿನ ಅಂತ ಹಿಡಿಯುತ್ತದೆ.

ಹಾಗಾಗಿ ಒಟ್ಟಿಗೆ ಹಳತಾಗುವುದನ್ನು ಒಟ್ಟಿಗೆ ಇಡಿ. ದಿನದ ಬ್ಯಾಕಪ್‌ಗೆ ಒಂದು ಪೂಲ್, ರಿಟೆನ್ಷನ್ 30 ದಿನ. ಲೆಕ್ಕಪತ್ರಕ್ಕೆ ಬೇರೆ ಪೂಲ್. ಅದರ ಜಾಬ್ ರಿಟೆನ್ಷನ್ (ಬ್ಯಾಕುಲಾದ ದಾಖಲೆಯಲ್ಲಿ ಆ ಬ್ಯಾಕಪ್‌ನ ವಿವರ ಉಳಿಯುವ ಅವಧಿ) ಕೂಡ ಅಷ್ಟೇ ಉದ್ದ ಇರಲಿ, ಯಾಕೆಂದರೆ ಎರಡರಲ್ಲಿ ಚಿಕ್ಕದೇ ನಡೆಯುತ್ತದೆ.

ದಿನದ ಪೂಲ್‌ನಲ್ಲಿ ಇನ್ನೊಂದು ವಿಷಯ ಇದೆ. ರಿಟೆನ್ಷನ್ ಎಣಿಕೆ ಶುರುವಾಗುವುದು ಟೇಪಿಗೆ ಕೊನೆಯ ಸಲ ಬರೆದ ದಿನದಿಂದ. ಅಪೆಂಡ್ ಸ್ಥಿತಿಯಲ್ಲಿರುವ, ಅಂದರೆ ಇನ್ನೂ ಬರೆಯಲು ತೆರೆದಿರುವ ಟೇಪ್ ಮರುಬಳಕೆಗೆ ಬರುವುದೇ ಇಲ್ಲ. ವಾಲ್ಯೂಮ್ ಯೂಸ್ ಡ್ಯುರೇಷನ್ (ಒಂದು ಟೇಪಿಗೆ ಬರೆಯಬಹುದಾದ ಅವಧಿ) 6 ದಿನ ಅಂತ ಕೊಟ್ಟರೆ, ತುಂಬದಿದ್ದರೂ ವಾರಕ್ಕೊಮ್ಮೆ ಟೇಪ್ ಮುಚ್ಚುತ್ತದೆ. ಸ್ವಲ್ಪ ಜಾಗ ಖಾಲಿ ಉಳಿಯುತ್ತದೆ, ಉಳಿಯಲಿ. ನಿಮಗೆ ವಾರಕ್ಕೆ ಹೆಚ್ಚುಕಡಿಮೆ ಒಂದು ಟೇಪ್ ಬೇಕಾಗುತ್ತಿದೆ. ಈ ಪೂಲ್‌ಗೆ 8 ಟೇಪ್ ಇದ್ದರೆ ಆರಾಮಾಗಿ ಸುತ್ತುತ್ತವೆ.

ಇಷ್ಟೆಲ್ಲ ಮಾಡಿಯೂ ನಾನು ಹಿಂದಿನ ಕೆಲಸದಲ್ಲಿ ಎರಡು ವಾರ ಒದ್ದಾಡಿದ್ದೆ. ಪೂಲ್ ಸೆಟ್ಟಿಂಗ್ ಬದಲಿಸಿದ್ದೆ, ಆದರೂ ಒಂದು ಟೇಪೂ ಬಿಡುಗಡೆ ಆಗಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. ಟೇಪಿಗೆ ಲೇಬಲ್ ಹಾಕಿದಾಗಲೇ ಆಗಿನ ಸೆಟ್ಟಿಂಗ್ ಬ್ಯಾಕುಲಾದ ಡೇಟಾಬೇಸ್ ಆದ ಕ್ಯಾಟಲಾಗ್‌ಗೆ ನಕಲಾಗಿರುತ್ತದೆ. ಸೆಟ್ಟಿಂಗ್ ಫೈಲ್ ತಿದ್ದಿದರೆ ಹಳೆಯ ಟೇಪ್‌ಗಳಿಗೆ ತಾಗುವುದಿಲ್ಲ. ಬ್ಯಾಕುಲಾಗೆ ಆದೇಶ ಕೊಡುವ ಬಿಕನ್ಸೋಲ್‌ನಲ್ಲಿ ಅಪ್‌ಡೇಟ್ ವಾಲ್ಯೂಮ್ ಆದೇಶ ಕೊಡಲೇಬೇಕು. ದಯವಿಟ್ಟು ಇದನ್ನು ಮರೆಯಬೇಡಿ.

ಟೇಪ್ ಮೇಲೆ ಬರೆದಿರುವ 30 ಟಿಬಿ ನಂಬಿ ಲೆಕ್ಕ ಹಾಕಬೇಡಿ. ಅದು ಡೇಟಾ ಎರಡೂವರೆ ಪಟ್ಟು ಕುಗ್ಗಿದರೆ ಮಾತ್ರ. ಫೋಟೊ, ವಿಡಿಯೊ ಕುಗ್ಗುವುದೇ ಇಲ್ಲ, ಅವಕ್ಕೆ ಸಿಗುವುದು 12 ಟಿಬಿ.

ವೇಗದ ಬಗ್ಗೆಯೂ ಕೇಳಿದ್ದೀರಿ. ಡ್ರೈವ್ ಸೆಕೆಂಡಿಗೆ 360 ಎಂಬಿ ಬರೆಯಬಲ್ಲದು. ಒಂದು ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ 110ರ ಆಸುಪಾಸು ಬಂದರೆ ಜಾಸ್ತಿ. ಡೇಟಾ ಸಾಲದೆ ಡ್ರೈವ್ ನಿಂತು, ಹಿಂದಕ್ಕೆ ಸುತ್ತಿ, ಮತ್ತೆ ಶುರುಮಾಡುತ್ತದೆ. ಟೇಪೂ ಹೆಡ್ಡೂ ಸುಮ್ನೆ ಸವೆಯುತ್ತವೆ. ಸ್ಪೂಲ್ ಡೇಟಾ ಆನ್ ಮಾಡಿ, ಮೊದಲು ಎಸ್‌ಎಸ್‌ಡಿಗೆ ತುಂಬಿಸಿ ಅಲ್ಲಿಂದ ಟೇಪಿಗೆ ಕಳಿಸಿ.

ಈಗ ಬಿಕನ್ಸೋಲ್‌ನಲ್ಲಿ ಲಿಸ್ಟ್ ವಾಲ್ಯೂಮ್ಸ್ ಆದೇಶ ಓಡಿಸಿ, ಬಂದದ್ದನ್ನು ಪ್ರಶ್ನೆಯ ಕೆಳಗೆ ಹಾಕಿ. ಯಾವ ಟೇಪ್‌ಗಳಲ್ಲಿ ಲೆಕ್ಕಪತ್ರ ಇದೆ ಅಂತ ಗುರುತಿಸುವವರೆಗೆ ಯಾವುದನ್ನೂ ಕೈಯಾರೆ ಪರ್ಜ್ ಮಾಡಬೇಡಿ, ಅಂದರೆ ಅದರ ದಾಖಲೆ ಅಳಿಸಬೇಡಿ.